ಗಂಜಿ ಎಲ್ಲಿ ಬಸೀತೀರಿ?

ನಮ್ಮ ಸೋದರತ್ತೆಯಿಂದ ಕೊಪ್ಪರಿಗೆ ಪಡೆಯುವುದಕ್ಕಿಂತ ಬ್ಯಾಂಕಿನಿಂದ ಸಾಲ ಪಡೆಯುವುದು ಸುಲಭ. ಇದು ಉತ್ಪ್ರೇಕ್ಷೆ ಎನ್ನುವವರು ಕೊಟ್ಟೂರಿನ ಸುತ್ತಮುತ್ತ ಮಗಳ ಮದುವೆ ಮಾಡಿದ ಯಾರನ್ನಾದರೂ ಕೇಳಿ ನೋಡಲಿ. ಬ್ಯಾಂಕಿನವರು ಮನೆಗೆ ಬಂದರೆ ಕುರ್ಚಿಯಲ್ಲಿ ಕೂತು ಚಹಾ ಕುಡಿದು ಹೋಗುತ್ತಾರೆ. ಅತ್ತೆ ಬಂದರೆ ನೆಟ್ಟಗೆ ಹಿತ್ತಲಿಗೇ ನುಗ್ಗುತ್ತಾಳೆ!

ಕೊಪ್ಪರಿಗೆ ಎಂದರೆ ಒಂದು ಮದುವೆಗೆ ಆಗುವಷ್ಟು ಅನ್ನ ಬೇಯುವ ತಾಮ್ರದ ಪಾತ್ರೆ. ಅತ್ತೆ ಅದನ್ನು ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಾಳೆ. ಷರತ್ತು ಒಂದೇ: ಕೊಡುವ ಮೊದಲು ಅವಳು ಬಂದು ಜಾಗ ನೋಡಬೇಕು. ಒಲೆ ಎಲ್ಲಿ ತೋಡುತ್ತೀರಿ? ಹೊಗೆ ಯಾರ ಮನೆಗೆ ಹೋಗುತ್ತದೆ? ಕೊನೆಗೆ ಆ ಮಹಾಪ್ರಶ್ನೆ: "ಗಂಜಿ ಎಲ್ಲಿ ಬಸೀತೀರಿ?"

ಹಗರಿಬೊಮ್ಮನಹಳ್ಳಿಯ ಒಂದು ಮದುವೆಗೆ ಕೊಪ್ಪರಿಗೆಯ ಜೊತೆ ತಾನೂ ಟೆಂಪೋ ಹತ್ತಿ ಹೋಗಿ, ತೋಡಿದ್ದ ಒಲೆಯನ್ನು ಮುಚ್ಚಿಸಿ, ಬೇರೆ ಕಡೆ ತೋಡಿಸಿದಳು. ಹೆಣ್ಣಿನ ತಂದೆ ಕೈಮುಗಿದ.

"ಯಕ್ಕಾ, ಗಂಡಿನ ಕಡಿಯವ್ರೂ ನನಗ ಇಷ್ಟು ಪ್ರಶ್ನೆ ಕೇಳಲಿಲ್ಲ ನೋಡು!"

"ಅವ್ರು ಕೇಳಲಿಲ್ಲಂದ್ರ ಹೋಗ್ಲಿ. ನೀ ಅವ್ರನ್ನ ಏನಾರ ಕೇಳಿಯೋ ಇಲ್ಲೋ?"

ಮದುವೆ ಹೇಗೋ ನಡೆಯಿತು. ಅಡುಗೆಯವರು ಮಾತ್ರ ಊಟ ಮುಗಿಯುವ ತನಕ ನೆಟ್ಟಗೆ ಉಸಿರಾಡಲಿಲ್ಲ.

ಈ ಹುಚ್ಚು ಯಾವಾಗ ಹತ್ತಿತು? ಹಿಂದೆ ಒಂದು ಮದುವೆಯಲ್ಲಿ ಕುದಿಯುವ ಗಂಜಿಯನ್ನು ಹೊಂಗೆ ಮರದ ಬುಡಕ್ಕೆ ಬಸಿದರಂತೆ. ಮರ ಒಣಗಿಹೋಯಿತಂತೆ. ಅತ್ತೆ ಒಮ್ಮೆ ಇದು ಕೋಗಳಿಯಲ್ಲಿ ಆದದ್ದು ಎನ್ನುತ್ತಾಳೆ, ಇನ್ನೊಮ್ಮೆ ಹಡಗಲಿಯಲ್ಲಿ. ಅದು ಬೇವಿನ ಮರ ಎಂದು ನಮ್ಮವ್ವ. ಸಿಡಿಲು ಬಡಿದು ಸತ್ತದ್ದು ಎಂದು ನಮ್ಮಪ್ಪ. ಆಗ ನಾನು ಹುಟ್ಟಿಯೇ ಇರಲಿಲ್ಲ. ಆದರೂ ಆ ಬೋಳು ಮರ ನನಗೆ ಸ್ಪಷ್ಟವಾಗಿ ಕಾಣುತ್ತದೆ. ನೆನಪಿನ ಯೋಗ್ಯತೆ ಇಷ್ಟೇ! ಬದಲಾಗದೆ ಉಳಿದದ್ದು ಅತ್ತೆಯ ಒಂದು ಮಾತು ಮಾತ್ರ: "ಬಸಿದೋರು ಅವ್ರ ಇರಬಹುದು. ಪಾತ್ರಿ ನಂದಲ್ಲೇನು?"

ಹೀಗಿರುವಾಗ ಅವಳ ಊರಿನ ಗುಡ್ಡಕ್ಕೆ ಫ್ಯಾನುಗಳು ಬರುತ್ತವೆ ಎಂಬ ಸುದ್ದಿ ಬಂತು. ಫ್ಯಾನು ಎಂದರೆ ಕರೆಂಟು ತೆಗೆಯುವ ಗಾಳಿಯಂತ್ರ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಹೋದವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಅತ್ತೆಗೆ ಅದರ ಮೇಲೆ ಸಿಟ್ಟಿರಲಿಲ್ಲ. "ಗಾಳಿ ಸುಮ್ನ ತಿರುಗಾಡಾಕತೈತಿ. ದುಡಿಸ್ಕೊಳ್ಳಲಿ ಬಿಡು," ಎಂದಳು. ಅವಳ ಚಿಂತೆ ದಾರಿಯದು. ಆ ಉದ್ದನೆಯ ರೆಕ್ಕೆಗಳನ್ನು ಸಾಗಿಸಲು ಗುಡ್ಡದ ಬುಡದಲ್ಲಿ ಮಣ್ಣು ತುಂಬಿ ಹೊಸ ರಸ್ತೆ ಮಾಡುತ್ತಾರೆ. ಗುಡ್ಡದ ನೀರು ಊರಿನ ದನಗಳು ಕುಡಿಯುವ ಗೋಕಟ್ಟೆಗೆ ಹರಿದು ಬರುವುದು ಅದೇ ಜಾಗದಲ್ಲಿ. ಹಳ್ಳ ಮುಚ್ಚಿದರೆ ಗೋಕಟ್ಟೆ ತುಂಬದು. ಗೋಕಟ್ಟೆ ತುಂಬದಿದ್ದರೆ ಅತ್ತೆ ತನ್ನ ಎರಡು ಎಮ್ಮೆಗಳನ್ನು ಮಾರಬೇಕು. ಮಕ್ಕಳಿಲ್ಲದ ಅವಳು ಆ ಎಮ್ಮೆಗಳ ಜೊತೆ ಆಡುವಷ್ಟು ಮಾತನ್ನು ನಮ್ಮ ಮಾವನ ಜೊತೆಗೂ ಆಡಿದವಳಲ್ಲ.

ಯೋಜನೆಗೆ ಸಾಲ ಕೊಡುವುದು ಒಂದು ಸರ್ಕಾರಿ ಅಭಿವೃದ್ಧಿ ಬ್ಯಾಂಕು. ಸಾಲ ಮಂಜೂರು ಮಾಡುವ ಮೊದಲು ಪರಿಸರಕ್ಕೆ ಏನಾದೀತೆಂದು ನೋಡಲು ಬ್ಯಾಂಕಿನವರು ಸಮುದಾಯ ಭವನದಲ್ಲಿ ಸಭೆ ಕರೆದರು. ಕಂಪನಿಯವನು ಪರದೆಯ ಮೇಲೆ ಚಿತ್ರ ತೋರಿಸಿದ: ಇಲ್ಲಿ ಯಾವ ಜಲಮೂಲವೂ ಇಲ್ಲ! ಚಿತ್ರ ತೆಗೆದದ್ದು ಬೇಸಿಗೆಯಲ್ಲಿ.

ಅತ್ತೆ ಎದ್ದಳು. "ಮಲಗಿದವನ್ನ ನೋಡಿ ಮೂಗ ಅಂತ ಬರಕೊಂಡು ಬಂದೀರಲ್ಲೋ ಯಪ್ಪಾ!"

ಬ್ಯಾಂಕಿನ ಹಿರಿಯ ಅಧಿಕಾರಿ ನಕ್ಕು ಸಮಾಧಾನ ಮಾಡಲು ನೋಡಿದರು. "ಅಮ್ಮ, ನಾವು ಬರೀ ಸಾಲ ಕೊಡೋರು. ರಸ್ತೆ ಮಾಡೋದು ಕಂಪನಿಯವರು."

ಈ ಮಾತನ್ನು ಯಾರ ಮುಂದೆ ಆಡಿದರು ನೋಡಿ!

"ಕೊಡೋದು ಯಾರ ರೊಕ್ಕರಿ?"

"ಸಾರ್ವಜನಿಕರದು."

"ಅಂದ್ರ ನಂದೂ ಬಂತು. ಹಂಗಾರ ಕೊಪ್ಪರಿಗಿ ನಂದಾತು. ಈಗ ಹೇಳ್ರಿ, ಗಂಜಿ ಎಲ್ಲಿ ಬಸೀತೀರಿ?"

ಊರವರು ಗೊಳ್ಳೆಂದು ನಕ್ಕರು. ಬ್ಯಾಂಕಿನವರಿಗೆ ಏನೂ ತಿಳಿಯಲಿಲ್ಲ. ಅತ್ತೆಯ ಜೊತೆ ಹೋಗಿದ್ದ ನಾನೇ ಎದ್ದು ಕೊಪ್ಪರಿಗೆಯ ಪುರಾಣ ಹೇಳಬೇಕಾಯಿತು. ಕೇಳಿಸಿಕೊಂಡ ಅವರ ಪರಿಸರ ಅಧಿಕಾರಿ, ಒಬ್ಬ ಹೆಣ್ಣುಮಗಳು, ಲ್ಯಾಪ್‌ಟಾಪು ಮುಚ್ಚಿ ಬೂಟಿನ ಲೇಸು ಬಿಗಿದುಕೊಂಡಳು. "ನಡೀರಿ ಅಮ್ಮ, ಜಾಗ ತೋರಿಸಿ."

ಅಲ್ಲಿಗೆ ಅತ್ತೆಗೆ ಜೋಡಿ ಸಿಕ್ಕಿತು! ಗುಡ್ಡದ ಬುಡದಲ್ಲಿ ಇಬ್ಬರೂ ಕಲ್ಲುಕಲ್ಲನ್ನೂ ಮುಟ್ಟಿ ನೋಡುವವರೇ. ಹಿಂದೆ ಬೆವರು ಸುರಿಸುತ್ತ ನಾವು. ಅತ್ತೆ ಎಡಗಡೆಯ ಕೊರಕಲು ತೋರಿಸಿ "ನೀರು ಇದ್ರಾಗ ಬರತೈತಿ" ಎಂದಳು. ಆ ಹುಡುಗಿ ಮೇಲೆ ಹತ್ತಿ, ಇಳಿದು, ನಕ್ಷೆ ನೋಡಿ, ಮರಳು ಕೆದಕಿ, "ಇಲ್ಲ ಅಮ್ಮ, ಬಲಗಡೆಯದು" ಎಂದಳು. ಹೋಗಿ ನೋಡಿದರೆ ಹೌದು, ಬಲಗಡೆಯೇ.

ಅತ್ತೆ ಗುಡ್ಡವನ್ನೇ ದಿಟ್ಟಿಸಿದಳು. "ಹಂಗಾರ ಗುಡ್ಡಾನ ಸರದೈತಿ ಬಿಡು."

ಕೊನೆಗೆ ಬ್ಯಾಂಕು ಸಾಲ ಕೊಟ್ಟಿತು, ಷರತ್ತಿನ ಮೇಲೆ: ಹಳ್ಳ ದಾಟುವಲ್ಲಿ ರಸ್ತೆಯ ಕೆಳಗೆ ಅಗಲವಾದ ಮೋರಿ ಕಟ್ಟಬೇಕು; ಅದಾದ ಮೇಲೆಯೇ ಫ್ಯಾನು. ಇದೆಲ್ಲ ಆ ಸಭೆಯಿಂದಲೇ ಆಯಿತೋ, ಆ ಹುಡುಗಿ ಆಫೀಸಿನಲ್ಲಿ ಯಾರ‍್ಯಾರ ಜೊತೆ ಜಗಳವಾಡಿದಳೋ, ನನಗೆ ಗೊತ್ತಿಲ್ಲ. ಊರಲ್ಲಿ ಹೇಳುವ ಕಥೆಯಲ್ಲಿ ಅತ್ತೆಯೊಬ್ಬಳೇ ಇದ್ದಾಳೆ. ಅದನ್ನು ಪೂರ್ತಿ ನಂಬಬೇಡಿ. ಮೋರಿ ಕಟ್ಟುವಾಗ ಮಾತ್ರ ಅವಳು ದಿನವೂ ಅಲ್ಲಿದ್ದದ್ದು ನಿಜ. ಒಳಗೆ ತಲೆ ತೂರಿಸಿ ನೋಡಿ "ಸಣ್ಣದಾತು" ಎನ್ನುತ್ತಿದ್ದಳಂತೆ.

"ಯಮ್ಮಾ, ಇದ್ರಾಗ ನೀರು ಹೋಗಬೇಕು, ನಿನ್ನ ಎಮ್ಮಿ ಅಲ್ಲ!" ಎಂದು ಮೇಸ್ತ್ರಿ ಗೋಳಿಡುತ್ತಿದ್ದ.

ಈ ವರ್ಷ ಮೊದಲ ದೊಡ್ಡ ಮಳೆ ಬಿದ್ದಾಗ ನಾನು ಅವಳ ಮನೆಯಲ್ಲಿದ್ದೆ. ಅವಳಿಗೆ ಮೊಣಕಾಲು ಹಿಡಿದುಕೊಂಡು ಹೊಸ್ತಿಲು ದಾಟುವುದೂ ಕಷ್ಟವಾಗಿತ್ತು. ಮಳೆ ನಿಲ್ಲುವ ಮೊದಲೇ ನನ್ನನ್ನು ಗೋಕಟ್ಟೆಗೆ ಅಟ್ಟಿದಳು. ಹೋದೆ. ಗುಡ್ಡದ ಮೇಲೆ ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು. ಕೆಳಗೆ ಮೋರಿಯಿಂದ ಕೆಂಪು ನೀರು ಧುಮುಕಿ ಗೋಕಟ್ಟೆಗೆ ಬೀಳುತ್ತಿತ್ತು. ತೊಯ್ದು ತೊಪ್ಪೆಯಾಗಿ ಮರಳಿದೆ.

"ಬಂತೇನ್ಲೇ?"

"ಬಂತು ಅತ್ತಿ. ಜೋರಾಗಿ ಬರಾಕತೈತಿ."

ಇನ್ನು ಶುರುವಾಗುತ್ತದೆ ವಿಚಾರಣೆ ಎಂದು ಸಿದ್ಧನಾಗಿ ನಿಂತೆ. ಎಷ್ಟು ಅಗಲ? ಕಸ ಸಿಕ್ಕಿಬಿದ್ದಿದೆಯೇ? ಒಡ್ಡು ಸೋರುತ್ತಿದೆಯೇ? ಕಣ್ಣಾರೆ ಕಾಣದೆ ಇಷ್ಟು ವರ್ಷ ಯಾರ ಮಾತನ್ನೂ ಒಪ್ಪದ ಹೆಂಗಸು ಸೆರಗಿನಿಂದ ನನ್ನ ತಲೆ ಒರೆಸಿದಳು.

"ನೀ ನೋಡಿ ಬಂದೀಯಲ್ಲ. ಸಾಕು ಬಿಡು."

ನಾನು ಚಪ್ಪಲಿ ಮೆಟ್ಟಿ, ಮೋರಿಯನ್ನು ಇನ್ನೊಮ್ಮೆ ನೋಡಿಬರಲು ಮಳೆಯಲ್ಲೇ ಹೊರಟೆ.