ನಡುವಿನ ಚುಕ್ಕೆ

ಬೆಳಗ್ಗೆ ಕಲ್ಲುಕುಟಿಗ ಮುಯಾಲ ದೊರೆಯ ತಾಯಿಯ ನೆನಪಿನ ಕಲ್ಲಿನ ಮೇಲಿನ ಪುಡಿ ಊದಿ, ಅಂಕಿಯನ್ನು ಮತ್ತೆ ಮತ್ತೆ ಎಣಿಸಿದ. ಆ ಊರಿನ ಲೆಕ್ಕದಲ್ಲಿ ಗೆರೆಯೊಂದಕ್ಕೆ ಐದು, ಚುಕ್ಕೆಯೊಂದಕ್ಕೆ ಒಂದು. ಗೆರೆಯ ಮೇಲೆ ಎರಡು ಚುಕ್ಕೆ ಇರಬೇಕಾದಲ್ಲಿ ಮೂರು ಉಬ್ಬಿಕೊಂಡು ನಿಂತಿದ್ದವು. ದೊರೆಯ ತಾಯಿ ತೀರಿಕೊಂಡದ್ದು ಪೋಪ್ ತಿಂಗಳ ಏಳರಂದು. ಅವನ ಕೈ ಎಂಟು ಕೆತ್ತಿತ್ತು.

ಎಂಟರಂದು ಹೋದವಳು ಅವನ ಮಗಳು ನಿಕ್. ಆರು ವರ್ಷದವಳು. ಅಂದು ಊರಿನಲ್ಲಿ ಅಳಬಲ್ಲವರೆಲ್ಲ ಅರಮನೆಯಲ್ಲಿ ಅಳುತ್ತಿದ್ದರು. ಮಗುವಿಗೆ ಅಪ್ಪ ಅಮ್ಮ ಇಬ್ಬರ ಕಣ್ಣೀರೇ ಗತಿಯಾಯಿತು.

ಸಂಜೆ ಅರಮನೆಯ ಜೋಯಿಸರು ಅಂಕಿ ನೋಡಲು ಬರುವವರಿದ್ದರು. ಮುಯಾಲ ಕಲ್ಲಿನ ಮೇಲೆಯೇ ಕುಳಿತುಬಿಟ್ಟ. ಅಷ್ಟರಲ್ಲಿ ಪಕ್ಕದ ಮನೆಯ ಕುಂಬಾರಜ್ಜಿ ಲೂಮ್ ಬಂದಳು.

"ಏನೋ ಇದು, ಮೊಟ್ಟೆಗೆ ಕಾವು ಕೊಡೋ ಟರ್ಕಿ ಕೋಳಿ ಹಂಗೆ ಕೂತಿದೀಯ? ಏಳು ಮೇಲೆ!"

ಎದ್ದ. ಅಜ್ಜಿ ಬಗ್ಗಿ ನೋಡಿ, "ಅಯ್ಯಯ್ಯೋ, ಎಂಟು!" ಎಂದಳು. ಗುಟ್ಟಿನ ದನಿಯಲ್ಲೇ ಎಂದಳು. ಆದರೆ ಅವಳ ಗುಟ್ಟು ಕೇರಿಯ ಆ ತುದಿಗೂ ಕೇಳುತ್ತಿತ್ತು. ಸುಣ್ಣ ಸುಡುವ ತೋಕ್ ಮೈಯೆಲ್ಲ ಬೂದಿ ಮಾಡಿಕೊಂಡು ಓಡಿಬಂದ.

"ಸುಣ್ಣಕ್ಕೆ ಜೋಳದ ಅಂಬಲಿ ಕಲಸಿ ಮೆತ್ತೋಣ ಕಣೋ. ಚುಕ್ಕೆ ಮುಚ್ಚಿಹೋಗುತ್ತೆ" ಎಂದಳು ಅಜ್ಜಿ.

ಮೆತ್ತಿದರು. ಒಣಗಲಿ ಎಂದು ನೆರಳಿಗೆ ಸರಿದದ್ದೇ ತಡ, ಅಜ್ಜಿಯ ಟರ್ಕಿಗಳು ಅಂಬಲಿಯ ವಾಸನೆಗೆ ಹಿಂಡುಗಟ್ಟಿ ಬಂದು ಕುಕ್ಕಿ ಕುಕ್ಕಿ ತಿಂದವು. ಚುಕ್ಕೆ ಬೆಳಗ್ಗೆಗಿಂತ ಚೊಕ್ಕಟವಾಗಿ ಹೊಳೆಯಿತು.

"ಮುಯಾಲಣ್ಣ, ನೀನು ಎರಡು ಚುಕ್ಕೆ ಕೆತ್ತಿದಾಗ ನಡುವಿನ ಖಾಲಿ ಜಾಗಕ್ಕೆ ಒಂದು ಕತ್ತರಿ ಗುರುತು ಹಾಕ್ತೀಯಲ್ಲ?" ಎಂದ ತೋಕ್.

"ಅದು ಅಂದಕ್ಕೆ. ಆಟಕ್ಕುಂಟು, ಲೆಕ್ಕಕ್ಕಿಲ್ಲ."

"ಮತ್ತೆ? ಈ ನಡುವಿನ ಚುಕ್ಕೇನೇ ಕೊರೆದು ಅದನ್ನ ಮಾಡು. ಏಳಾಯ್ತು!"

ತೋಕ್‌ನ ತಲೆಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಮುಯಾಲ ಉಳಿ ಎತ್ತಿದ, ಇಳಿಸಿದ. ಹೆಬ್ಬೆರಳನ್ನು ಚುಕ್ಕೆಯ ಮೇಲಿಟ್ಟ. ಇದು ಹೀಗೇ ಉಳಿದರೆ, ಊರ ನಡುವೆ ನಿಲ್ಲುವ ಕಲ್ಲಿನಲ್ಲಿ ಮಗಳ ದಿನವೂ ಇರುತ್ತದೆ. ಯಾರ ದಿನವೆಂದು ಯಾರಿಗೂ ತಿಳಿಯದಿದ್ದರೂ.

"ತಲೆ ಉಳಿಸ್ಕೊ, ಮಗಾ" ಎಂದಳು ಅಜ್ಜಿ, ಈ ಸಲ ನಿಜಕ್ಕೂ ಮೆಲ್ಲಗೆ.

ಅವನು ಕೊರೆದ.

ಸಂಜೆ ಜೋಯಿಸರು ಬಂದರು. ಕಲ್ಲು ನೋಡಿ ಹಣೆ ಚಚ್ಚಿಕೊಂಡರು.

"ಏಳು ಕೆತ್ತಿಬಿಟ್ಟೆಯಾ! ಮಧ್ಯಾಹ್ನ ಮತ್ತೆ ಲೆಕ್ಕ ಹಾಕಿ ನೋಡಿದೆ ಕಣಯ್ಯ. ಬೆಳ್ಳಿಚುಕ್ಕಿ ಮೂಡಿದ್ದು ಎಂಟರಂದು. ದೊರೆಯ ತಾಯಿ ಬೆಳ್ಳಿಯ ಜೊತೇಲೇ ಹೋದರು ಅಂತ ಈಗ ಅಪ್ಪಣೆಯಾಗಿದೆ. ಇದನ್ನ ಎಂಟು ಮಾಡು."

ಕೊರೆದ ಗುರುತು ಮತ್ತೆ ಉರುಟಾದೀತೆ? ಮುಯಾಲ ಹೆಬ್ಬೆರಳಿನಿಂದ ಅದನ್ನು ಸವರಿದ. ಗೆಳೆಯನಿಗೆ ನೆರವಾಗಲೆಂದು ತೋಕ್ ಮುಂದೆ ಬಂದ.

"ಬುದ್ಧೀ, ಬೆಳಗ್ಗೆ ಎಂಟೇ ಇತ್ತು! ನಾನೇ ಕಣ್ಣಾರೆ ನೋಡಿದೀನಿ!"

ಜೋಯಿಸರು ತಿರುಗಿದರು. "ಬೆಳಗ್ಗೆ ನನ್ನ ಅಪ್ಪಣೆ ಏಳು ಅಂತ ಇತ್ತಲ್ವೇನಯ್ಯ?"

ಹೀಗೆ ಮುಯಾಲ ಬೆಳಗ್ಗೆಯೂ ತಪ್ಪಿದವನಾದ, ಸಂಜೆಯೂ ತಪ್ಪಿದವನಾದ. ತಲೆ ಉಳಿಯಿತು, ಉಳಿ ಹೋಯಿತು. ನಾಳೆಯಿಂದ ತೋಕ್‌ನ ಗೂಡಿಗೆ ಸುಣ್ಣಕಲ್ಲು ಒಡೆಯುವ ಕೆಲಸ. ಕೆಟ್ಟ ಕಲ್ಲನ್ನು ಅರಮನೆಯ ಮೆಟ್ಟಿಲಿನಡಿ ಹೂಳಲು ಆಳುಗಳು ಹಗ್ಗ ಕಟ್ಟಿ ಎಳೆದೊಯ್ದರು.

ಹೆಂಡತಿ ಕುಕ್ ಬುತ್ತಿ ತಂದವಳು ಖಾಲಿ ಜಾಗ ನೋಡಿ ನಿಂತಳು.

"ಏನಾಯ್ತು?"

"ಹೊಸ ಕಲ್ಲು ನಿಲ್ಲಿಸ್ತಾರಂತೆ. ಪೋಪ್ ಎಂಟು ಅಂತ."

ಅವಳು ಬೆರಳು ಮಡಿಸಲಿಲ್ಲ. ಆ ಲೆಕ್ಕ ಅವಳಿಗೆ ಬಾಯಿಪಾಠ.

"ನೀನು ಕೆತ್ತಲ್ವಾ?"

"ಇಲ್ಲ. ಬೇರೆಯವರು."

ಅವಳು ಪಕ್ಕದಲ್ಲಿ ಕುಳಿತು ಬುತ್ತಿ ಬಿಚ್ಚಿದಳು. ಅವನ ಕೈಗೆ ರೊಟ್ಟಿ ಇಟ್ಟು ಕೇಳಿದಳು:

"ಚೆನ್ನಾಗಿ ಕೆತ್ತೋರಾ?"

"ನನಗಿಂತ ಚೆನ್ನಾಗಿ" ಎಂದ ಮುಯಾಲ.