ದೊಕ್ಪಲನಿಗೆ ಬಿಳಿ ಹೂವು

ಬೋಂಗ್ ಗಿಲ್ಸು ಮಾಡಿದ ತಪ್ಪು ಇಷ್ಟೇ: ಬೆಳಿಗ್ಗೆ ಏಣಿ ಹತ್ತಿ, ಬಂದರು ಟಾಕೀಸಿನ ಬಾಗಿಲ ಮೇಲಿನ ಫಲಕಕ್ಕೆ ಆ ದಿನದ ಸಿನಿಮಾದ ಹೆಸರನ್ನು ಅಕ್ಷರ ಅಕ್ಷರವಾಗಿ ಸಿಕ್ಕಿಸಿದ. ಅವನು ಏಣಿಯಿಂದ ಇಳಿಯುವಷ್ಟರಲ್ಲಿ ಜೇಬಿನ ಫೋನು ಬಲೆಗೆ ಬಿದ್ದ ಮೀನಿನ ಹಾಗೆ ಒದ್ದಾಡತೊಡಗಿತ್ತು.

ಸಿನಿಮಾ ಹಳೆಯದು, ಇದೇ ಮೊಕ್ಪೊ ಬಂದರಿನಲ್ಲಿ ತೆಗೆದದ್ದು. ಬಿಡುಗಡೆಯಾದಾಗ ಅದರ ಹೆಸರು ‘ಹೋಗಬೇಡ ದೊಕ್ಪಲ್’. ಹಡಗು ಹತ್ತುವ ದೊಕ್ಪಲನ ಹಿಂದೆ ಅವನ ತಾಯಿ ಬರಿಗಾಲಲ್ಲಿ ಓಡಿಬರುವಾಗ ಇಡೀ ದೇಶ ಮೂಗು ಒರೆಸಿಕೊಂಡಿತ್ತು. ಎಷ್ಟೋ ವರ್ಷದ ಮೇಲೆ ಅದರ ಹಕ್ಕು ಕೊಂಡ ಸಿಯೋಲಿನ ಕಂಪನಿಯೊಂದು ದೊಕ್ಪಲನ ಮಗ, ಮೊಮ್ಮಗ ಎಂದು ಹೊಡೆದಾಟದ ಎರಡು ಸಿನಿಮಾ ತೆಗೆಯಿತು. ಅವಕ್ಕೆ ‘ಕರಾವಳಿಯ ಹುಲಿಗಳು’ ಎಂದು ಹೆಸರಿಟ್ಟು, ಹಳೆಯದನ್ನೂ ಎಳೆತಂದು ಅದೇ ಗೂಟಕ್ಕೆ ಕಟ್ಟಿತು. ಈಗ ಅದರ ಅಧಿಕೃತ ಹೆಸರು ‘ಕರಾವಳಿಯ ಹುಲಿಗಳು, ಭಾಗ ಒಂದು: ಮೊದಲ ಗರ್ಜನೆ’. ಇಡೀ ಸಿನಿಮಾದಲ್ಲಿ ಗರ್ಜಿಸುವುದು ಹಡಗಿನ ಹಾರ್ನು ಒಂದೇ.

ಹೆಸರು ಬದಲಾಯಿಸುವವನು ಯಾವಾಗಲೂ ಮೇಲೆ ಕೂತವನು. ಹೊಸ ಹೆಸರಿಗೆ ಓಗೊಡಬೇಕಾದವನು ಕೆಳಗಿನವನು. ಇದು ಗಿಲ್ಸುವಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಟಾಕೀಸಿಗೆ ಸೇರಿದಾಗ ಅವನು ಪ್ರೊಜೆಕ್ಟರ್ ನಡೆಸುವ ಆಳು. ಮಾಲೀಕ ತಾಕ್ ಯಜಮಾನರು ಟಿಕೆಟ್ ಹರಿಯುವವಳನ್ನೂ ಕಸ ಗುಡಿಸುವವನನ್ನೂ ಮನೆಗೆ ಕಳಿಸಿ, ಆ ಕೆಲಸಗಳನ್ನೆಲ್ಲ ಗಿಲ್ಸುವಿನ ಹೆಗಲಿಗೆ ಹಾಕಿ, ‘ಸಾಂಸ್ಕೃತಿಕ ನಿರ್ದೇಶಕ’ ಎಂದು ಹೆಸರಿಟ್ಟಿದ್ದರು. ನಿರ್ದೇಶಕರಿಗೆ ಓವರ್‌ಟೈಮ್ ಇರುವುದಿಲ್ಲವಂತೆ. ಆವತ್ತಿನಿಂದ ಗಿಲ್ಸು ನಿರ್ದೇಶಕನಾಗಿಯೇ ಪಾಯಿಖಾನೆ ತೊಳೆಯುತ್ತಿದ್ದ.

ಹೋದ ವಾರ ಯಜಮಾನರು ಇನ್ನೊಂದು ಮಾತು ಹೇಳಿದ್ದರು. ಶನಿವಾರದ ಆಟಕ್ಕೆ ಹಾಲ್ ತುಂಬಬೇಕು, ಒಂದು ಕುರ್ಚಿಯೂ ಖಾಲಿ ಇರಬಾರದು. ತುಂಬದಿದ್ದರೆ ಟಾಕೀಸು ಕೆಡವಿ ಕಾರು ನಿಲ್ಲಿಸುವ ಕಟ್ಟಡ ಕಟ್ಟುತ್ತೇನೆ. ಕಾರಿಗೆ ಸಿನಿಮಾ ಬೇಡ, ಕಾರು ದೂರು ಹೇಳುವುದಿಲ್ಲ, ಕಾರಿಗೆ ನಿರ್ದೇಶಕನೂ ಬೇಡ.

ಇವತ್ತೇ ಆ ಶನಿವಾರ. ಆಟ ಸಂಜೆ ನಾಲ್ಕಕ್ಕೆ.

ಫೋನಿನಲ್ಲಿದ್ದವರು ಮೆಂಗ್ ಟೀಚರ್. ನಿವೃತ್ತರಾದ ಮೇಲೆ ‘ಹೋಗಬೇಡ ದೊಕ್ಪಲ್ ಅಭಿಮಾನಿ ಸಂಘ’ ಕಟ್ಟಿದವರು. ಅವರ ಕಡೆಯ ನಲವತ್ತು ಜನ ಬರುವುದಾಗಿ ಒಪ್ಪಿದ್ದರು, ಹಳೇ ಹೆಸರು ಹಾಕಬೇಕು ಎನ್ನುವ ಕರಾರಿನ ಮೇಲೆ. ಬೆಳಿಗ್ಗೆ ತರಕಾರಿಗೆ ಹೋಗುತ್ತಾ ಫಲಕ ನೋಡಿದ್ದರು.

“ಗಿಲ್ಸು, ನಾನು ಹತ್ತೊಂಬತ್ತು ವರ್ಷದವಳಿದ್ದಾಗ ಆ ಸಿನಿಮಾ ನೋಡಿ ಅತ್ತಿದ್ದು. ಆ ಹೆಸರಿಟ್ಕೊಂಡು ಅತ್ತಿದ್ದು. ಈಗ ಯಾವನೋ ಬಂದು, ನೀನು ಅತ್ತಿದ್ದು ಹುಲಿಗೆ ಅಂದ್ರೆ ನಾನು ಒಪ್ಕೋಬೇಕಾ?”

“ಟೀಚರಮ್ಮ, ಹೊಸ ಹೆಸರು ಹಾಕದೇ ಇದ್ರೆ ಸಿನಿಮಾನೇ ಕಳಿಸಲ್ಲ ಅಂದಿದಾರೆ ಕಂಪನಿಯವ್ರು. ನಾನೇನು ಮಾಡ್ಲಿ?”

“ನೀನೇನೂ ಮಾಡ್ಬೇಡ. ಮಾಡೋದು ನಮಗೆ ಗೊತ್ತು.”

ಮಾಡಿದ್ದೇನೆಂದು ಹತ್ತೂವರೆಗೆ ತಿಳಿಯಿತು. ಹೂವಿನಂಗಡಿಯ ಟೆಂಪೊ ಬಂದು ನಿಂತು, ಮೂರುಕಾಲಿನ ಸ್ಟ್ಯಾಂಡಿಗೆ ಕಟ್ಟಿದ ಆಳೆತ್ತರದ ಬಿಳಿ ಸೇವಂತಿಗೆಯ ಹಾರಗಳನ್ನು ಒಂದೊಂದಾಗಿ ಇಳಿಸಿ ಬಾಗಿಲ ಮುಂದೆ ಸಾಲಾಗಿ ನಿಲ್ಲಿಸಿತು. ಸತ್ತವರ ಮನೆಗೆ ಕಳಿಸುವ ಹಾರ. ಸರ್ಕಾರಿ ಕಚೇರಿಯ ಮುಂದೆ, ಟೀವಿಯವರ ಬಾಗಿಲಲ್ಲಿ ಸಿಟ್ಟಾದ ಜನ ತಂದು ನಿಲ್ಲಿಸುವುದೂ ಇದನ್ನೇ. ಕಪ್ಪು ರಿಬ್ಬನ್ನಿನಲ್ಲಿ ‘ಒಂದು ಹೆಸರಿನ ಕೊಲೆಗೆ ನಮ್ಮ ಕಣ್ಣೀರು’ ಎಂದು ಬರೆದಿತ್ತು. ಆದರೆ ಸಮುದ್ರದ ಗಾಳಿಗೆ ರಿಬ್ಬನ್ನುಗಳೆಲ್ಲ ಸುರುಳಿ ಸುತ್ತಿಕೊಂಡು, ಕಾಣುತ್ತಿದ್ದದ್ದು ‘ಕಣ್ಣೀರು’ ಮಾತ್ರ.

ಹೊಸ ಹೆಸರಿನ ಕಡೆಯವರ ಮುಂದಾಳು, ಎದುರಿನ ಔಷಧದಂಗಡಿಯ ಗುಕ್, ಇದನ್ನು ಗಾಜಿನ ಬಾಗಿಲಿಂದಲೇ ನೋಡಿ ರಸ್ತೆ ದಾಟಿ ಬಂದ. ಮೂವತ್ತರ ಹುಡುಗ, ಮಾತು ಮಾತ್ರೆಯ ಹಾಗೆ ಅಳೆದು ಕೊಡುವವನು. ಮೂರನೆಯ ಭಾಗ ಮೊದಲು ನೋಡಿ, ಅಲ್ಲಿಂದ ಹಿಂದಕ್ಕೆ ನಡೆದು ಹಳೆಯದನ್ನು ಮುಟ್ಟಿದವನು ಅವನು. ಇವರು ಬಾಗಿಲು ಹಾಕಿಕೊಂಡು ಒಳಗೇ ಅಳುತ್ತಾ ಕೂತರೆ ತನ್ನಂಥವನು ಯಾವ ದಾರಿಯಲ್ಲಿ ಒಳಗೆ ಬರಬೇಕಿತ್ತು ಎನ್ನುವುದು ಅವನ ವಾದ. ಗಿಲ್ಸುವಿಗೆ ಅದೂ ಸರಿ ಎನ್ನಿಸಿತು. ಎದುರಿಗಿದ್ದವರ ಮಾತೆಲ್ಲ ಸರಿ ಎನ್ನಿಸುವುದೇ ಅವನ ಕಾಯಿಲೆ; ಗುಕ್‌ನ ಅಂಗಡಿಯಲ್ಲೂ ಅದಕ್ಕೆ ಮದ್ದಿರಲಿಲ್ಲ.

“ಸಿನಿಮಾದ ಮಾಲೀಕರೇ ಹೆಸರು ಬದಲಾಯಿಸಿದಾರೆ, ನಾವ್ಯಾರು ಕೇಳೋಕೆ?” ಎಂದ ಗುಕ್. “ಅವ್ರು ಹೂವು ಇಟ್ರೆ ನಾವೂ ಇಡ್ತೀವಿ. ಶುಭಾಶಯದ್ದು.”

ಮಧ್ಯಾಹ್ನದ ಹೊತ್ತಿಗೆ ಅದೂ ಬಂತು. ಆದರೆ ಅದು ಮದುವೆಗಳ ತಿಂಗಳು. ಬಣ್ಣದ ಹೂವೆಲ್ಲ ಮದುವೆ ಹಾಲುಗಳಿಗೆ ಹೋಗಿ, ಅಂಗಡಿಯಲ್ಲಿ ಉಳಿದದ್ದು ಬಿಳಿ ಮಾತ್ರ. ಶುಭಾಶಯವೂ ಶವದ ಹೂವಿನಲ್ಲೇ ಬಂತು. ಟಾಕೀಸಿನ ಮುಂದೆ ಈ ತುದಿಯಿಂದ ಆ ತುದಿಗೆ ಬಿಳಿ ಗೋಡೆ ಎದ್ದ ಹಾಗಾಯಿತು.

ದಾರಿಹೋಕರು ಟೋಪಿ ತೆಗೆದು, ದನಿ ತಗ್ಗಿಸಿ ಸರಿದುಹೋಗುವುದನ್ನು ಗಿಲ್ಸು ಕಂಡ. ಹೆಣದ ಮನೆಯ ಹಾಗೆ ಕಂಡರೆ ಟಿಕೆಟ್ ತೆಗೆದುಕೊಳ್ಳುವವರು ಯಾರು? ಒಂದೊಂದೇ ಹಾರವನ್ನು ತಬ್ಬಿಕೊಂಡು ಒಳಗೆ ಸಾಗಿಸಿದ. ಇಡಲು ಜಾಗ ಇದ್ದದ್ದು ಹಾಲಿನ ಹೊರಗಿನ ಹಜಾರದಲ್ಲಿ, ಒಂದೇ ಗೋಡೆಯ ಬಳಿ. ಅಲ್ಲಿ ದೊಕ್ಪಲನ ವೇಷದ ನಾಯಕ ನಟನ ಕಪ್ಪು-ಬಿಳುಪಿನ ದೊಡ್ಡ ಫೋಟೋ ತೂಗುಹಾಕಿತ್ತು. ಹಾರಗಳೆಲ್ಲ ಅದರ ಎರಡೂ ಕಡೆ ನಿಂತವು. ಆಗಲೇ ಮೆಂಗ್ ಟೀಚರ್ ಕಡೆಯ ಇಬ್ಬರು ಬಂದು, ಕೊನೇ ಪಕ್ಷ ಇದಾದರೂ ಕಟ್ಟಿಕೋ ಎಂದು ಅವನ ತೋಳಿಗೆ ಕಪ್ಪು ಪಟ್ಟಿ ಕಟ್ಟಿದರು. ಒಲ್ಲೆ ಎಂದರೆ ನಲವತ್ತು ಕುರ್ಚಿ ಹೋಗುತ್ತದೆ; ಗಿಲ್ಸು ತೋಳು ಚಾಚಿದ. ವಿಶೇಷ ದಿನವೆಂದು ತನ್ನ ಬಳಿ ಇದ್ದ ಒಂದೇ ಒಂದು ಕರಿ ಸೂಟು ತೊಟ್ಟಿದ್ದ.

ಪಕ್ಕದ ಊಟದಂಗಡಿಯ ಹ್ವಾಸುನ್ ಅಕ್ಕ ಒಳಗೆ ಇಣುಕಿದ್ದು ಆ ಗಳಿಗೆಯಲ್ಲಿ. ಹ್ವಾಸುನ್ ಆಕೆಯ ತವರೂರು. ಸ್ವಂತ ಹೆಸರು ಏನೆಂದು ಬೀದಿ ಎಂದೋ ಮರೆತಿತ್ತು. ಹೂವು, ಫೋಟೋ, ಕರಿ ಸೂಟು, ತೋಳಪಟ್ಟಿ, ಹೂವಿನ ಪುಡಿಗೆ ಕೆಂಪಾದ ಗಿಲ್ಸುವಿನ ಕಣ್ಣು, ಎಲ್ಲವನ್ನೂ ಒಂದೇ ನೋಟದಲ್ಲಿ ಗುಡಿಸಿಕೊಂಡು, ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ ಮೆಂಗ್ ಟೀಚರ್ ಕಡೆ ತಿರುಗಿ, ಹೇಗಾಯ್ತು ಎಂದು ಪಿಸುಗುಟ್ಟಿದಳು.

“ಕೊಂದ್ರು ಕಣಮ್ಮ,” ಎಂದರು ಟೀಚರ್. “ದುಡ್ಡಿನಾಸೆಗೆ ಕೊಂದ್ರು.”

ಹ್ವಾಸುನ್ ಅಕ್ಕ ಮತ್ತೇನೂ ಕೇಳಲಿಲ್ಲ. ತಾಕ್ ಯಜಮಾನರು ಬೆಳಿಗ್ಗೆಯೇ ದೋಣಿಯಲ್ಲಿ ಮೀನು ಹಿಡಿಯಲು ಹೋಗಿದ್ದರು, ಅವರ ಫೋನು ಹತ್ತುತ್ತಿರಲಿಲ್ಲ, ದುಡ್ಡಿನ ವಿಷಯದಲ್ಲಿ ಅವರಿಗಿಂತ ದೊಡ್ಡ ಹೆಸರು ಆ ಬೀದಿಯಲ್ಲಿ ಇರಲಿಲ್ಲ. ಅರ್ಧ ಗಂಟೆಯೊಳಗೆ ಇಡೀ ಮೀನು ಮಾರುಕಟ್ಟೆಗೆ ಗೊತ್ತಾಯಿತು: ಯಜಮಾನರು ಹೋಗಿಬಿಟ್ಟರು.

ಮೊದಲು ಬಂದವರು ಒಣಮೀನಿನ ಸಾಲಿನವರು. ದೊಕ್ಪಲನ ಫೋಟೋದ ಮುಂದೆ ಎರಡು ಸಲ ನೆಲಕ್ಕೆ ಹಣೆ ಮುಟ್ಟಿಸಿ ಎದ್ದು, ಪ್ರಾಯದಲ್ಲಿ ಯಜಮಾನರು ಎಷ್ಟು ಲಕ್ಷಣವಾಗಿದ್ದರು ಎಂದು ಮರುಗಿದರು. ಗಿಲ್ಸು ಬೆವರುತ್ತಾ ಕೈಯಾಡಿಸಿದ.

“ಅಯ್ಯೋ, ಅವ್ರು ಸತ್ತಿಲ್ಲ. ಇದು ಸಿನಿಮಾ.”

“ಹೌದಪ್ಪ,” ಎಂದು ಮುದುಕಿಯೊಬ್ಬಳು ಅವನ ಬೆನ್ನು ಸವರಿದಳು. “ನನ್ ಗಂಡ ಹೋದಾಗ್ಲೂ ಹಂಗೇ ಅನ್ಸಿತ್ತು.”

ಅವಳು ಸಾವಿನ ಮನೆಗೆ ಕೊಡುವ ದುಡ್ಡಿನ ಬಿಳಿ ಲಕೋಟೆಯನ್ನು ಅವನ ಕೈಗೆ ತುರುಕಿದಳು. ಹಿಂದೆಯೇ ಇನ್ನೊಬ್ಬರು, ಮತ್ತೊಬ್ಬರು. ಮಾರುಕಟ್ಟೆಯ ಅರ್ಧ ಮಳಿಗೆ ಯಜಮಾನರವೇ. ಬಾಡಿಗೆ ಕಟ್ಟುವವರೆಲ್ಲ ಮುಖ ತೋರಿಸಲೇಬೇಕು. ಕೆಲವರು ದುಃಖಕ್ಕೆ ಬಂದರು, ಹೆಚ್ಚಿನವರು ಖಾತ್ರಿ ಮಾಡಿಕೊಳ್ಳಲು ಬಂದರು. ವರ್ಷವರ್ಷವೂ ಬಾಡಿಗೆ ಏರಿಸಿದ ಮನುಷ್ಯ ಇನ್ನು ಏರಿಸಲಾರ ಎನ್ನುವ ಸುದ್ದಿಯನ್ನು ಕಿವಿಯಿಂದ ಕೇಳಿದರೆ ಸಾಲದು, ಕಣ್ಣಿಂದ ನೋಡಬೇಕು.

ಹ್ವಾಸುನ್ ಅಕ್ಕ ಸಾವಿನ ಮನೆಯಲ್ಲಿ ಬಡಿಸುವ ದನದ ಮಾಂಸದ ಖಾರದ ಸಾರನ್ನು ಹಂಡೆಯಲ್ಲೇ ತಂದಿಳಿಸಿದಳು. ಜೊತೆಗೆ ಹುಳಿಬರಿಸಿದ ತೊರಕೆ ಮೀನು. ಮೊಕ್ಪೊ ಕಡೆ ಅದಿಲ್ಲದೆ ಸತ್ತವನು ಸತ್ತಂತೆ ಅಲ್ಲ. ಅದರ ವಾಸನೆಗೆ ಪಾಪ್‌ಕಾರ್ನ್ ಯಂತ್ರವೇ ಮೂಗು ಮುಚ್ಚಿಕೊಂಡಂತಾಯಿತು.

ಗಿಲ್ಸು ಗಡಿಯಾರ ನೋಡಿದ, ಜನರನ್ನು ನೋಡಿದ, ಟಿಕೆಟ್ ಸುರುಳಿಯನ್ನು ನೋಡಿದ. ಸಂಘದವರು ನಲವತ್ತು, ಗುಕ್ ಕಡೆಯವರು ಮೂವತ್ತು. ಉಳಿದ ಕುರ್ಚಿಗಳೆಲ್ಲ ಬಾಯಿ ತೆರೆದುಕೊಂಡು ಕೂತಿದ್ದವು. ಬಾಯಿ ಬಿಟ್ಟು ನಿಜ ಹೇಳಿದರೆ ಇವರೆಲ್ಲ ಸಾರು ಕುಡಿದು ಮನೆಗೆ. ನಾಳೆ ಇಲ್ಲಿ ಕಾರುಗಳು.

ಅವನು ಬಾಯಿ ಬಿಡಲಿಲ್ಲ. ಲಕೋಟೆ ಕೊಟ್ಟ ಕೈಗೆ ಒಂದೊಂದು ಟಿಕೆಟ್ ಹರಿದಿಟ್ಟು, ಅರ್ಧ ಬಗ್ಗಿ, “ಒಳಗೆ ಕೂತ್ಕೊಳ್ಳಿ,” ಎನ್ನತೊಡಗಿದ. ಸುಳ್ಳು ಒಂದನ್ನೂ ಹೇಳಲಿಲ್ಲ. ಸಾವಿನ ಮನೆಯಲ್ಲಿ ಕೂತುಕೋ ಎಂದ ಕಡೆ ಕೂರುವುದು ಜನರಿಗೂ ರೂಢಿ.

ನಾಲ್ಕಕ್ಕೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಮೆಟ್ಟಿಲ ಮೇಲೂ ಜನ, ಕೈಯಲ್ಲಿ ಸಾರಿನ ಬಟ್ಟಲು. ಎಡಗಡೆ ಮೆಂಗ್ ಟೀಚರ್ ಪಡೆ, ಬಲಗಡೆ ಗುಕ್‌ನ ಪಡೆ, ಎರಡೂ ಕಡೆಯವರ ಕಣ್ಣು ಪರದೆಗೆ ನೆಟ್ಟಿತ್ತು. ಫಲಕದ ಮೇಲೆ ಏನೇ ಇರಲಿ, ಸಿನಿಮಾದೊಳಗೆ ಯಾವ ಹೆಸರು ಮೂಡುತ್ತದೋ ಅದೇ ಹೆಸರು ಎಂದು ಇಬ್ಬರೂ ಪಂಥ ಹಾಕಿಕೊಂಡಿದ್ದರು. ಸೋತವರ ಕಡೆಯಿಂದ ಕುರ್ಚಿ ಹಾರುವುದು ಖಂಡಿತವಿತ್ತು. ಗಿಲ್ಸು ಮೇಲಿನ ಗೂಡಿಗೆ ಓಡಿ, ದೀಪ ಆರಿಸಿ, ಯಂತ್ರದ ಗುಂಡಿ ಒತ್ತಿದ.

ಕತ್ತಲು. ಅಲೆಯ ಸದ್ದು. ಹಡಗಿನ ಹಾರ್ನು.

ಇನ್ನೇನು ಅಕ್ಷರ ಮೂಡಬೇಕು, ಪರದೆಯ ಪಕ್ಕದ ಬಾಗಿಲು ತೆರೆಯಿತು. ಮೀನು ಹಿಡಿದು ಬಂದ ತಾಕ್ ಯಜಮಾನರು, ಕುರ್ಚಿ ತುಂಬಿದೆಯೋ ಇಲ್ಲವೋ ಎಂದು ತಲೆ ಎಣಿಸಲು ನೆಟ್ಟಗೆ ವೇದಿಕೆ ಹತ್ತಿ ಪರದೆಯ ನಟ್ಟನಡುವೆ ನಿಂತರು. ಸಿನಿಮಾದ ಹೆಸರು ಅವರ ಹೊಟ್ಟೆಯ ಮೇಲೆ ಮೂಡಿ, ಸೊಂಟದ ಮಡಿಕೆಗಳಲ್ಲಿ ಸಿಕ್ಕಿ, ಮುದುರಿ ಮಾಯವಾಯಿತು. ಯಾರಿಗೂ ಓದಲಾಗಲಿಲ್ಲ. ಅವರ ಹಿಂದೆ ಪರದೆಯ ಮೇಲೆ ಮಾಡಿನೆತ್ತರದ ಕರಿಯ ನೆರಳು, ಕೈಯಲ್ಲಿ ತೂಗುವ ಮೀನು.

ಹಾಲ್ ಒಂದೇ ದನಿಯಲ್ಲಿ ಕಿರುಚಿತು. ಒಣಮೀನಿನ ಸಾಲಿನವರು ಕುರ್ಚಿಯ ಕೆಳಗೆ ತೂರಿದರು. ಬೆನ್ನು ಸವರಿದ್ದ ಮುದುಕಿ ಎದ್ದು ಕೈಮುಗಿದು, ಈ ತಿಂಗಳ ಬಾಡಿಗೆ ಸೋಮವಾರ ಖಂಡಿತ ಕೊಡುತ್ತೇನೆ, ನೀವು ನೆಮ್ಮದಿಯಾಗಿ ಹೋಗಿ ಎಂದು ಬೇಡಿಕೊಂಡಳು.

ಗಿಲ್ಸು ಗೂಡಿನಿಂದ ಉರುಳಿದಂತೆ ಇಳಿದು ಬಂದ. ಯಜಮಾನರನ್ನು ಹಜಾರಕ್ಕೆ ಕರೆತಂದು, ಮಂಡಿಯೂರಿ, ಬೆಳಗಿನ ಫಲಕದಿಂದ ಹಿಡಿದು ಹಂಡೆಯ ಸಾರಿನವರೆಗೆ ಎಲ್ಲವನ್ನೂ ಒಪ್ಪಿಸಿದ. ಯಜಮಾನರು ಸಿಟ್ಟಾಗಲಿಲ್ಲ. ತಮ್ಮ ಸಾವಿಗೆ ಬಂದ ಹೂವುಗಳ ನಡುವೆ ಕೂತು, ಒಂದು ಬಟ್ಟಲು ಸಾರು ಬಗ್ಗಿಸಿಕೊಂಡು ಸುರ್ರೆಂದು ಹೀರಿದರು. ಒಳಗಿನಿಂದ ಅಳು ಕೇಳುತ್ತಿತ್ತು. ದೊಕ್ಪಲನ ತಾಯಿ ಬರಿಗಾಲಲ್ಲಿ ಓಡುತ್ತಿದ್ದಳು. ಹೆದರಿ ಓಡಿಹೋಗಬೇಕಿದ್ದ ಜನ ಅವಳಿಗಾಗಿ ಅಲ್ಲೇ ಕೂತು ಅಳುತ್ತಿದ್ದರು.

“ಎದ್ದೇಳೋ ಗಿಲ್ಸು. ಹಾಲ್ ತುಂಬ್ಸು ಅಂದೆ, ತುಂಬ್ಸಿದೀಯ. ನನ್ ಮಾತು ಅಂದ್ರೆ ಮಾತು. ಇದನ್ನ ಕೆಡವಲ್ಲ. ಕಾರಿಗೆ ಕೊಡಲ್ಲ.”

ಗಿಲ್ಸು ಎದ್ದು ಮಂಡಿಯ ಧೂಳು ಕೊಡವಿಕೊಂಡ.

“ನಾನು ಬುದ್ಧಿ ಇಲ್ದೋನು,” ಎಂದರು ಯಜಮಾನರು, ಲಕೋಟೆಗಳ ರಾಶಿಯನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತಾ. “ಇಷ್ಟು ವರ್ಷ ಸಿನಿಮಾ ತೋರಿಸ್ದೆ, ಬರ್ಲಿಲ್ಲ. ಸತ್ತೆ ಅಂದ್ರೆ ಮೆಟ್ಲ ಮೇಲೂ ಕೂತ್ರು. ದುಡ್ಡೂ ಅವ್ರೇ ತಂದ್ರು, ಸಾರೂ ಅವ್ರೇ ತಂದ್ರು. ಒಂದನೇ ತಾರೀಖಿಂದ ಇದು ಶವಸಂಸ್ಕಾರ ಭವನ. ಕುರ್ಚಿ ಇದೆ, ಕತ್ಲೆ ಇದೆ, ಇನ್ನೇನು ಬೇಕು? ಪರದೆ ಜಾಗದಲ್ಲಿ ಫೋಟೋ.”

“ನಾನು, ಯಜಮಾನ್ರೇ?”

“ನೀನೆಲ್ಲಿಗೆ ಹೋಗ್ತೀಯ? ಸೂಟು ಹೆಂಗೂ ಇದೆ. ಸಂಬಳ ಅಷ್ಟೇ. ಹೆಸ್ರು ಬೇಕಾದ್ರೆ ಬದ್ಲಾಯಿಸೋಣ, ‘ಅಂತಿಮಯಾತ್ರಾ ನಿರ್ದೇಶಕ’ ಅಂತ.”

ಆಟ ಬಿಟ್ಟಾಗ ಹೊರಗೆ ಇನ್ನೂ ಬೆಳಕಿತ್ತು. ಜನ ಮೂಗು ಒರೆಸಿಕೊಳ್ಳುತ್ತಾ ಈಚೆ ಬಂದರು. ಮೆಂಗ್ ಟೀಚರ್ ಮತ್ತು ಗುಕ್, ಅಕ್ಷರ ಯಾವುದಿತ್ತೆಂದು ಬಾಗಿಲಲ್ಲೇ ಜಗಳ ಎತ್ತಿಕೊಂಡವರು, ಏಣಿಯ ಮೇಲೆ ಗಿಲ್ಸುವನ್ನು ಕಂಡು ಜಗಳ ಬಿಟ್ಟು ತಲೆ ಎತ್ತಿದರು. ಅವನು ಫಲಕದಿಂದ ಹುಲಿಗಳನ್ನು ಕಿತ್ತು ಜೇಬಿಗೆ ಹಾಕುತ್ತಿದ್ದ. ಹುಲಿಗಳಷ್ಟೇ ಅಲ್ಲ, ಮೇಲಿನ ಸಾಲಿನ ‘ಬಂದರು ಟಾಕೀಸು’ ಕೂಡ ಅರ್ಧ ಹೋಗಿತ್ತು. ಆ ಜಾಗದಲ್ಲಿ ‘ಚಿರಶಾಂತಿ ಭವ’ ಎನ್ನುವವರೆಗೆ ಬಂದಿತ್ತು. ಏನಿದೆಂದು ಕೇಳಿದ್ದಕ್ಕೆ ಅವನು ಮೇಲಿನಿಂದಲೇ ಎಲ್ಲ ಹೇಳಿದ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಬಾಯಲ್ಲೂ ಒಂದೇ ಮಾತು ಬಂತು, ಆ ದಿನದಲ್ಲಿ ಮೊದಲ ಸಲ.

“ಹಳೇ ಹೆಸರೇ ಇರ್ಲಿ.”

“ಮಾಲೀಕರೇ ಬದಲಾಯಿಸಿದಾರೆ,” ಎಂದ ಗಿಲ್ಸು, ಔಷಧದಂಗಡಿಯವನನ್ನು ನೋಡುತ್ತಾ. “ನಾವ್ಯಾರು ಕೇಳೋಕೆ?”

ಗುಕ್ ಕೆಂಪಾದ. ಮೆಂಗ್ ಟೀಚರ್ ಆಗಲೇ ಫೋನು ಕಿವಿಗಿಟ್ಟಿದ್ದರು. ಇದನ್ನು ಹೀಗೇ ಬಿಡುವುದಿಲ್ಲ, ಒಂದನೇ ತಾರೀಖು ಈ ಬೀದಿಯ ತುಂಬ ಹಾರ ನಿಲ್ಲಿಸುತ್ತೇವೆ, ಎಲ್ಲ ಬಿಳಿಯದೇ, ಎಷ್ಟಿದ್ದರೆ ಅಷ್ಟು ಎಂದು ಹೂವಿನಂಗಡಿಗೆ ಹೇಳುತ್ತಿದ್ದರು. ಅದರಲ್ಲಿ ಅರ್ಧ ನಮ್ಮ ಕಡೆಯದು ಎಂದು ಗುಕ್ ಪಕ್ಕದಿಂದ ಕೂಗಿದ.

ಒಳಗಿಂದ ತಾಕ್ ಯಜಮಾನರ ದನಿ ಕೇಳಿತು.

“ತರಿಸ್ಲಿ ಬಿಡೋ ಗಿಲ್ಸು, ತಡೀಬೇಡ. ಪ್ರಾರಂಭೋತ್ಸವಕ್ಕೆ ಹೂವು ಬೇಕಿತ್ತು.”