ಎಂಬತ್ತೊಂದು ಕೆಜಿಯ ಭವಿಷ್ಯ

ಇದನ್ನು ಹೇಳಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಹಬ್ಬ ಮುಗಿಯಲಿ, ಮಗಳ ಮದುವೆಯಾಗಲಿ, ರಿಟೈರ್ ಆಗಲಿ ಎಂದು ಮುಂದೂಡಿ ಮುಂದೂಡಿ, ಈಗ ಮುಂದೂಡಲು ಮುಂದೆ ಹೆಚ್ಚು ಜಾಗ ಉಳಿದಿಲ್ಲ.

ನನಗೊಂದು ಹುಚ್ಚಿದೆ. ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರ ನೆನಪಿದೆಯಲ್ಲ? ಹತ್ತಿ ನಿಂತರೆ ಕೆಂಪು ಹಸಿರು ದೀಪ ಕುಣಿದು, ಚಕ್ರ ಗಿರ್ರನೆ ತಿರುಗಿ, ಕಾಸು ಹಾಕಿದರೆ ಟಕ್ಕೆಂದು ಒಂದು ರಟ್ಟಿನ ಚೀಟಿ ಉಗುಳುತ್ತಿತ್ತು. ಒಂದು ಬದಿ ತೂಕ, ಭವಿಷ್ಯ. ಇನ್ನೊಂದು ಬದಿ ಸಿನಿಮಾ ನಟಿ. ನಾನು ಅವನ್ನು ಕೂಡಿಡುತ್ತೇನೆ. ಶಿವಮೊಗ್ಗದ ಸ್ಟೇಷನ್ನಿನಲ್ಲಿ ಜನ ಬಿಸಾಡಿದ್ದನ್ನು ಹೆಕ್ಕಿದ್ದೇನೆ. ಒಂದೇ ಸಂಜೆ ಮತ್ತೆ ಮತ್ತೆ ಹತ್ತಿ, ಒಂದಕ್ಕೊಂದು ಸಂಬಂಧವಿಲ್ಲದ ಭವಿಷ್ಯಗಳನ್ನು ಪಡೆದು ಎಲ್ಲವನ್ನೂ ನಂಬಿದ್ದೇನೆ. ವಿದ್ಯಾನಗರದ ನಮ್ಮ ಮನೆಯಲ್ಲಿ ಬಿಸ್ಕತ್ತಿನ ಡಬ್ಬ ತೆರೆದು ಬಿಸ್ಕತ್ತು ಕಂಡವರಿಲ್ಲ.

ನನಗೊಬ್ಬ ಗೆಳೆಯ. ಹೆಸರು ಆಮೇಲೆ ಹೇಳುತ್ತೇನೆ, ಧೈರ್ಯ ಬರಲಿ. ವಯಸ್ಸಿನಲ್ಲಿ ಅವನಿಗೆ ಭದ್ರಾವತಿಯಲ್ಲೊಂದು ಹೆಣ್ಣು ಗೊತ್ತಾಗಿತ್ತು. ಹಿರಿಯರು ಮಾತಾಡಿ ಮುಗಿಸಿದ್ದರು, ಹುಡುಗ ಒಮ್ಮೆ ನೋಡಿ ಬರುವುದಷ್ಟೇ ಬಾಕಿ. ಜೊತೆಗೆ ನಾನು. ಭದ್ರಾವತಿಯಲ್ಲಿ ಇಳಿದವನೇ ಶಕುನ ಕೇಳಲು ಯಂತ್ರ ಹತ್ತಿದ. ಎಂಬತ್ತೊಂದು ಕೆಜಿ. ಚೀಟಿ ನನ್ನತ್ತ ಚಾಚಿದ. “ಇಂಗ್ಲಿಷು. ನೀನೇ ಓದು ಮಾರಾಯ.” ಅವನು ಕನ್ನಡ ಏಳನೇ ಕ್ಲಾಸು, ನಾನು ಎಸ್ಸೆಸ್ಸೆಲ್ಸಿ ಪಾಸಾದ ಪಂಡಿತ.

‘ನಿನ್ನ ಬಾಳ ಬೆಳಕು ಇಂದು ನಿನಗೆ ಸಿಗುವಳು’ ಎಂದಿತ್ತು. ತಿರುಗಿಸಿದೆ. ಗುಲಾಬಿ ಮುಡಿದ ನಟಿ! ನಾನು ಊರೂರು ಹುಡುಕಿ ಸೋತಿದ್ದ ಚೀಟಿ! ಒಳ್ಳೆಯ ಮಾತಿದ್ದರೆ ಅವನು ಅದನ್ನು ವಿಭೂತಿ ಗಟ್ಟಿಯ ಜೊತೆ ಜನ್ಮವಿಡೀ ಇಟ್ಟುಕೊಳ್ಳುವವನು. ಕೆಟ್ಟದ್ದಾದರೆ ಅಲ್ಲೇ ಬಿಸಾಡುವವನು. ಮುಖ ಜೋಲು ಹಾಕಿ ಹೇಳಿದೆ: “ಇವತ್ತು ಹಿಡಿದ ಕೆಲಸ ಕೆಡುತ್ತೆ ಅಂತಿದೆ ಕಣೋ.”

ಬಿಸಾಡಿದ. ಹೆಕ್ಕಿ ಜೇಬಿಗಿಳಿಸಿದೆ. ಆದರೆ ಅವನು ಹೆಣ್ಣನ್ನೂ ಜೊತೆಗೇ ಬಿಸಾಡುತ್ತಾನೆಂದು ಯಾರಿಗೆ ಗೊತ್ತಿತ್ತು?

“ನಾನು ಬರಲ್ಲ.”

“ಅಯ್ಯೋ, ಮಿಷಿನ್‌ಗೇನು ಗೊತ್ತಾಗುತ್ತೋ!”

“ನನ್ನ ತೂಕ ಕರೆಕ್ಟಾಗಿ ಹೇಳ್ತಲ್ಲ! ನೀನೇ ಹೋಗಿ ಏನಾದ್ರೂ ಹೇಳು,” ಎಂದವನೇ ಶಿವಮೊಗ್ಗದ ರೈಲು ಹತ್ತಿದ. ಆಗಲೇ ನಿಜ ಹೇಳಬಹುದಿತ್ತು. ಗುಲಾಬಿಯವಳು ಜೇಬಿನಲ್ಲಿದ್ದಳು, ಹೇಳಲಿಲ್ಲ.

ಹೆಣ್ಣಿನ ಮನೆಯಲ್ಲಿ ಬಾಯಿ ತೆರೆಯುವ ಮೊದಲೇ ಉಪ್ಪಿಟ್ಟು, ಕೇಸರಿಬಾತು ಬಂತು. ಇಸ್ತ್ರಿ ಶರ್ಟು ಹಾಕಿಕೊಂಡು ಬಂದವನೇ ಗಂಡು ಎಂದುಕೊಂಡಿದ್ದರು. ತಿಂದು ಹೇಳೋಣವೆಂದುಕೊಂಡೆ. ಕೊನೆಗೆ “ಹುಡುಗ ನಾನಲ್ಲ” ಎಂದಾಗ ಹುಡುಗಿಯ ಅಪ್ಪ ದಂಗಾಗಿ, “ಮತ್ತೆ ಎರಡು ಸಲ ಉಪ್ಪಿಟ್ಟು ಹಾಕಿಸ್ಕೊಂಡ್ರಲ್ಲ!” ಎಂದರು. ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಆ ನಗುವೇ ಈಗ ನನ್ನ ಹೆಂಡತಿ ಗಿರಿಜೆ.

ಗೆಳೆಯ ನಮ್ಮ ಮದುವೆಗೆ ಬಂದು, “ನನ್ನ ಹಣೇಲಿ ಬರೆದಿರ್ಲಿಲ್ಲ ಬಿಡು” ಎಂದು ನನ್ನ ಎಲೆಗೇ ಹೋಳಿಗೆ ಬಡಿಸಿದ. ಮುಂದೆ ಅವನಿಗೂ ಹೊಳೆಹೊನ್ನೂರಿನ ಒಳ್ಳೆಯ ಹೆಣ್ಣು ಸಿಕ್ಕಿತು. ಆದರೆ ಆ ಹೋಳಿಗೆ ಇನ್ನೂ ನನ್ನ ಗಂಟಲು ಇಳಿದಿಲ್ಲ.

ಆ ಚೀಟಿಯನ್ನು ನನ್ನದೇ ಎಂದು ಗಿರಿಜೆಗೆ ದೂರದಿಂದಲೇ ತೋರಿಸಿ ಇಷ್ಟು ಕಾಲ ಮೆರೆದೆ. ಮೊನ್ನೆ ಅವಳಿಗೆ ಕಣ್ಣಿನ ಪೊರೆ ತೆಗೆಸಿದ್ದೇ ತಪ್ಪಾಯಿತು. “ರೀ, ಎಂಬತ್ತೊಂದು ಕೆಜಿ? ಮದುವೆ ಫೋಟೋದಲ್ಲಿ ನೀವು ಕೊಡೆ ಕಡ್ಡಿ ಥರ ಇದ್ದೀರಿ!” ಬಾಯಿಬಿಟ್ಟೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು; ಥಟ್ಟನೆ ನಿಲ್ಲಿಸಿದಳು. “ಅವ್ರ ಚೀಟಿ ಅವ್ರಿಗೆ ಕೊಟ್ಟು, ನಿಜ ಹೇಳಿ ಬನ್ನಿ. ಅಲ್ಲೀತನಕ ಕಾಫಿ ಇಲ್ಲ.”

ಹೊಸಮನೆ ಬಡಾವಣೆಯ ಅವನ ಮನೆಗೆ ಹೋದೆ. ಗೆಳೆಯ ಬೋಂಡಾ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದ. ಚೀಟಿ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ಚಾಚಿದ. “ಇಂಗ್ಲಿಷು. ನೀನೇ ಓದು ಮಾರಾಯ.” ಬಾಯಿ ತೆರೆದೆ. ಗುಲಾಬಿಯವಳು ನನ್ನನ್ನೇ ನೋಡಿದಳು. “ಎಣ್ಣೆ ಪದಾರ್ಥ ಮುಟ್ಟಬೇಡ ಅಂತಿದೆ,” ಎಂದೆ.

ನಿಟ್ಟುಸಿರಿಟ್ಟು ತಟ್ಟೆಯನ್ನು ನನ್ನತ್ತ ತಳ್ಳಿದ. “ಚೀಟಿ ನೀನೇ ಇಟ್ಕೋ, ಹುಚ್ಚ.” ಚೀಟಿ ಇಟ್ಟುಕೊಂಡೆ. ಬೋಂಡಾ ಕೂಡ ತಿಂದೆ.

ಮನೆಯಲ್ಲಿ ಇವತ್ತಿಗೂ ಕಾಫಿ ಇಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ನನ್ನ ಕೈಗೆ ಕೊಡದೆ ನೀನೇ ಓದಿಕೋ. ಅಂದು ಚೀಟಿ ಹೇಳಿದ್ದು ಒಳ್ಳೆಯದನ್ನೇ. ನಾನು ಓದಿದ್ದು ಸುಳ್ಳು. ಎರಡು ಸಲವೂ. ಕ್ಷಮಿಸು. ಬೋಂಡಾ ತಿನ್ನು, ಚನ್ನಬಸಪ್ಪ.